ಶೇಂಗಾ, ಹಲಸಿನ ಬೀಜ ಮತ್ತು ಬಿಎಸ್ಸಿ ಸೀಟು

ನೀಟ್ ಫಲಿತಾಂಶ ಬಂದ ವಾರ ನಮ್ಮ ಮನೆಗಳಲ್ಲಿ ಫೋನಿಗೆ ಬಿಡುವಿಲ್ಲ. ‘ಎಷ್ಟು ಬಂತು?’, ‘ಸೀಟು ಸಿಗ್ತದಾ?’, ‘ಮ್ಯಾನೇಜ್‌ಮೆಂಟ್ ಕೋಟಾ ನೋಡುವುದಾ?’ ಊರಿನಿಂದ ಅಜ್ಜಿ ಕೇಳುತ್ತಾರೆ, ಗಲ್ಫ್‌ನಿಂದ ಮಾವ ಕೇಳುತ್ತಾರೆ. ವ್ಯಾಪಾರ, ನೌಕರಿ ಎಂದು ಕರಾವಳಿ ಬಿಟ್ಟು ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆ ನೆಲೆಸಿದ ಬ್ಯಾರಿ ಮನೆಗಳಲ್ಲೂ ಇದೇ ಮಾತು. ಸೀಟು ಸಿಗಲಿಲ್ಲ ಎಂದಾದರೆ ಚರ್ಚೆ ಬಹಳ ಬೇಗ ಮುಗಿಯುತ್ತದೆ. ಮಗನಿಗೆ ‘ನಾಳೆಯಿಂದ ಅಂಗಡಿಗೆ ಬಾ’. ಮಗಳಿಗೆ ‘ಬಿಎಸ್ಸಿಗೆ ಸೇರು, ಒಳ್ಳೆ ಸಂಬಂಧ ಬರುವವರೆಗೆ ಓದು’.

ಅಂದರೆ ಬಿಎಸ್ಸಿ ಎಂಬುದು ನಮ್ಮಲ್ಲಿ ಸೋತವರು ಕಾಯುವ ಜಾಗ. ‘ಬಿಎಸ್ಸಿ ಮಾಡಿ ಎಂಥ ಮಾಡುವುದು? ಟೀಚರ್ ಆಗುವುದಾ?’ ಎಂಬ ಪ್ರಶ್ನೆಗೆ ಉತ್ತರ ಹೇಳುವವರು ಮನೆಯಲ್ಲಿಯೂ ಇಲ್ಲ, ಮೊಹಲ್ಲಾದಲ್ಲಿಯೂ ಇಲ್ಲ. ಡಾಕ್ಟರ್ ಗೊತ್ತು, ಇಂಜಿನಿಯರ್ ಗೊತ್ತು, ಅಕೌಂಟೆಂಟ್ ಗೊತ್ತು. ವಿಜ್ಞಾನಿಯನ್ನು ಎದುರಿಗೆ ಕಂಡವರು ಕಡಿಮೆ.

ಈ ವಾರ ಅಂಥ ಮನೆಗಳಿಗಾಗಿ ಒಂದು ವಿಷಯ. ಬಳ್ಳಾರಿ ಪೇಟೆಯ ಶೇಂಗಾ, ಊರಿನಿಂದ ಬಸ್ಸಿನಲ್ಲಿ ಕಟ್ಟಿ ಕಳಿಸುವ ಹಲಸಿನ ಬೀಜ, ಬಡವರ ಮನೆಯ ಹುರುಳಿ, ಬಕ್ರೀದ್ ಕಳೆದ ಮೇಲೆ ಕುದಿಯುವ ಪಾಯ ಸೂಪ್ – ಇವೆಲ್ಲದರ ಒಳಗಿರುವ ಪದಾರ್ಥಗಳನ್ನು ಅಣು ಅಣುವಾಗಿ ಬಿಡಿಸಿ ನೋಡಿ ಜಗತ್ತಿಗೆ ತೋರಿಸಿದವರಲ್ಲಿ ನಮ್ಮ ದೇಶದ ವಿಜ್ಞಾನಿಗಳೂ ಇದ್ದಾರೆ. ಅದರಲ್ಲಿ ದೊಡ್ಡ ಪಾಲು ನಡೆದದ್ದು ಬಳ್ಳಾರಿಯಿಂದ ಒಂದು ರಾತ್ರಿಯ ಪ್ರಯಾಣದಷ್ಟು ದೂರದ ಬೆಂಗಳೂರಿನಲ್ಲಿ, ಹಳಬರು ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಆ ಕೆಲಸ ಮಾಡಿದವರಲ್ಲಿ ಹೆಚ್ಚಿನವರು ಎಂಬಿಬಿಎಸ್ ಮಾಡಿದವರಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿದವರು.

ಏನಿದು ಶಾಸ್ತ್ರ?

ಹೆಸರು ಮಾತ್ರ ಉದ್ದ: ಅಣು ಜೈವಿಕ ಭೌತವಿಜ್ಞಾನ. ಇಂಗ್ಲಿಷಿನಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್. ವಿಷಯ ಸರಳವಾಗಿಯೇ ಹೇಳಬಹುದು. ನಮ್ಮ ಮೈಯಲ್ಲಿ, ಗಿಡದಲ್ಲಿ, ರೋಗಾಣುವಿನಲ್ಲಿ ಕೆಲಸ ಮಾಡುವುದು ಪ್ರೊಟೀನ್ ಎಂಬ ದೊಡ್ಡ ಅಣುಗಳು. ಮಣಿ ಪೋಣಿಸಿದ ಸರದ ಹಾಗೆ ಇರುವ ಈ ಅಣು ಮಡಚಿ, ಸುತ್ತಿ, ಒಂದು ನಿರ್ದಿಷ್ಟ ಆಕಾರಕ್ಕೆ ಬರುತ್ತದೆ. ಬೀಗದ ಕೀ ಹಾಗೆ ಅದರ ಕೆಲಸ ಅದರ ಆಕಾರದಲ್ಲಿದೆ. ಆಕಾರ ಗೊತ್ತಾದರೆ ಅದು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಕೆಡುತ್ತದೆ, ಅದನ್ನು ತಡೆಯಲು ಯಾವ ಮದ್ದು ಬೇಕು ಎಂದು ಯೋಚಿಸಬಹುದು.

ಆದರೆ ಆ ಆಕಾರ ಸಾಮಾನ್ಯ ಮೈಕ್ರೋಸ್ಕೋಪಿಗೆ ಕಾಣಿಸುವಷ್ಟು ದೊಡ್ಡದಲ್ಲ. ಅದಕ್ಕೆ ವಿಜ್ಞಾನಿಗಳು ಮಾಡಿಕೊಂಡ ಉಪಾಯ, ಪ್ರೊಟೀನನ್ನು ಶುದ್ಧ ಮಾಡಿ ಕಲ್ಲುಸಕ್ಕರೆಯ ಹಾಗೆ ಹರಳು ಕಟ್ಟಿಸುವುದು. ಹರಳಿನಲ್ಲಿ ಕೋಟಿಗಟ್ಟಲೆ ಅಣುಗಳು ನಮಾಝಿನ ಸಫ್‌ನ ಹಾಗೆ ಸಾಲಾಗಿ ನಿಂತಿರುತ್ತವೆ. ಅದರ ಮೇಲೆ ಎಕ್ಸ್‌ರೇ ಬಿಟ್ಟರೆ ಕಿರಣ ಚದುರಿ ನೂರಾರು ಚುಕ್ಕೆಗಳಾಗಿ ಬೀಳುತ್ತದೆ. ಆ ಚುಕ್ಕೆಗಳನ್ನು ಅಳೆದು, ಲೆಕ್ಕ ಹಾಕಿ, ಪ್ರತಿಯೊಂದು ಪರಮಾಣು ಎಲ್ಲಿದೆ ಎಂದು ಕಂಡುಹಿಡಿಯುತ್ತಾರೆ.

ಈ ಲೆಕ್ಕ ಎಷ್ಟು ಕಷ್ಟ ಎಂಬುದಕ್ಕೆ ನಮ್ಮ ಮನೆಯಲ್ಲೇ ಒಂದು ಸಾಕ್ಷಿ ಉಂಟು. ಶುಗರ್ ಇರುವ ಹಿರಿಯರ ಮನೆಗಳಲ್ಲಿ ಫ್ರಿಜ್ಜಿನ ಬಾಗಿಲಲ್ಲಿ ಇನ್ಸುಲಿನ್ ಇರುತ್ತದಲ್ಲ, ಅದೂ ಒಂದು ಪ್ರೊಟೀನ್. ಅದರ ಹರಳಿನ ಎಕ್ಸ್‌ರೇ ಚಿತ್ರವನ್ನು ಡೊರೊಥಿ ಹಾಡ್ಜ್‌ಕಿನ್ ಎಂಬ ಮಹಿಳೆ ಆಕ್ಸ್‌ಫರ್ಡಿನಲ್ಲಿ ತೆಗೆದದ್ದು 1935ರಲ್ಲಿ. ಪೂರ್ತಿ ಆಕಾರ ಬಿಡಿಸಿದ್ದು 1969ರಲ್ಲಿ. ನಡುವೆ 34 ವರ್ಷ! 1964ರಲ್ಲಿ ಅವರಿಗೆ ಬೇರೆ ಕೆಲಸಕ್ಕೆ ನೊಬೆಲ್ ಬಂದಿತ್ತು. ಇನ್ಸುಲಿನ್ ಮಾತ್ರ ಬಿಡಲಿಲ್ಲ. ಕೊನೆಗೆ ಅದನ್ನು ಬಿಡಿಸಿದ ತಂಡದಲ್ಲಿ ಕೇರಳದ ಒಬ್ಬ ಯುವಕನಿದ್ದ, ಎಂ. ವಿಜಯನ್. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಪಿಎಚ್‌ಡಿ ಮಾಡಿ ಅಲ್ಲಿಗೆ ಹೋಗಿದ್ದವರು. 1971ರಲ್ಲಿ ಬೆಂಗಳೂರಿಗೇ ವಾಪಸ್ ಬಂದರು. ಅವರ ಮಾತು ಮುಂದೆ ಬರುತ್ತದೆ.

ಪಾಯ ಸೂಪಿನ ಅಂಟು

ಪಾಯ ಚೆನ್ನಾಗಿ ಕುದಿಸಿದರೆ ಸೂಪ್ ಕುಡಿದ ಮೇಲೆ ತುಟಿ ಅಂಟುತ್ತದೆ. ತಣ್ಣಗಾದರೆ ಪಾತ್ರೆಯಲ್ಲಿ ಗಟ್ಟಿಯಾಗುತ್ತದೆ. ಆ ಅಂಟು ಬರುವುದು ಕೊಲ್ಲಾಜೆನ್ ಎಂಬ ಪ್ರೊಟೀನಿನಿಂದ. ಚರ್ಮ, ಮೂಳೆ, ನರಕಟ್ಟು ಎಲ್ಲದರಲ್ಲೂ ಅದೇ. ತೊಗಲನ್ನು ಹದ ಮಾಡುವುದು ಎಂದರೆ ಈ ಕೊಲ್ಲಾಜೆನ್ ಕೊಳೆಯದ ಹಾಗೆ ಮಾಡುವುದು. ಖುರ್ಬಾನಿಯ ತೊಗಲು ಒಟ್ಟು ಮಾಡಿ ಮಾರಿದವರಿಗೆ, ತೊಗಲಿನ ವ್ಯಾಪಾರ ಮಾಡಿದವರಿಗೆ ಅದರ ಬೆಲೆ ಗೊತ್ತು.

ಕೊಲ್ಲಾಜೆನ್ ಹೇಗಿದೆ ಎಂದು 1950ರ ದಶಕದಲ್ಲಿ ದೊಡ್ಡ ದೊಡ್ಡ ದೇಶಗಳ ವಿಜ್ಞಾನಿಗಳು ತಲೆ ಕೆಡಿಸಿಕೊಂಡಿದ್ದರು. ಉತ್ತರ ಕೊಟ್ಟದ್ದು ಮದ್ರಾಸ್ ವಿಶ್ವವಿದ್ಯಾನಿಲಯದ ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತ. ಅವರಿಗೆ ಬೇಕಾಗಿದ್ದ ಒಳ್ಳೆಯ ಮಾದರಿ ಕಾಂಗರೂವಿನ ಬಾಲದ ನರಕಟ್ಟು. ಅದಕ್ಕೆ ಕೈಜೋಡಿಸಿದ್ದು ಪಕ್ಕದ ಅಡ್ಯಾರಿನಲ್ಲಿದ್ದ ಕೇಂದ್ರೀಯ ತೊಗಲು ಸಂಶೋಧನಾ ಸಂಸ್ಥೆ. ಒಂದು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗವೂ, ತೊಗಲಿನ ಸಂಸ್ಥೆಯೂ ಕೂಡಿದ್ದರಿಂದ ಕೆಲಸ ಆಯಿತು. ಮೂರು ಎಳೆ ಒಂದಕ್ಕೊಂದು ಹೊಸೆದ ಹಗ್ಗದ ಹಾಗೆ ಕೊಲ್ಲಾಜೆನ್ ಇದೆ ಎಂದು ಅವರು 1954 ಮತ್ತು 1955ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ತೆಂಗಿನ ನಾರಿನ ಹಗ್ಗ ಹೊಸೆಯುವುದನ್ನು ನೋಡಿದವರಿಗೆ ಈ ಚಿತ್ರ ಕಣ್ಣಿಗೆ ಕಟ್ಟುತ್ತದೆ.

1963ರಲ್ಲಿ ರಾಮಚಂದ್ರನ್, ಸಿ. ರಾಮಕೃಷ್ಣನ್, ವಿ. ಶಶಿಶೇಖರನ್ ಮೂವರು ಸೇರಿ ಇನ್ನೊಂದು ಕೆಲಸ ಮಾಡಿದರು. ಪ್ರೊಟೀನಿನ ಸರ ಯಾವ ಯಾವ ಕೋನದಲ್ಲಿ ತಿರುಗಬಹುದು, ಯಾವುದರಲ್ಲಿ ತಿರುಗಲು ಸಾಧ್ಯವೇ ಇಲ್ಲ ಎಂದು ಒಂದು ನಕ್ಷೆ ಬರೆದರು. ‘ರಾಮಚಂದ್ರನ್ ನಕ್ಷೆ’ ಎಂದು ಅದರ ಹೆಸರು. ಇವತ್ತಿಗೂ ಪ್ರಪಂಚದ ಯಾವ ಮೂಲೆಯಲ್ಲಿ ಪ್ರೊಟೀನಿನ ಆಕಾರ ಬಿಡಿಸಿದರೂ ಅದು ಸರಿಯಾಗಿದೆಯೇ ಎಂದು ಈ ನಕ್ಷೆಯಲ್ಲಿಟ್ಟು ನೋಡುತ್ತಾರೆ.

ಅದೇ ರಾಮಚಂದ್ರನ್ ಬೆಂಗಳೂರಿಗೆ ಬಂದು 1971ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಮಾಲಿಕ್ಯುಲರ್ ಬಯೋಫಿಸಿಕ್ಸ್ ಯೂನಿಟ್’ ಕಟ್ಟಿದರು. ಆಗ ಸಂಸ್ಥೆಯ ನಿರ್ದೇಶಕರು ಸತೀಶ್ ಧವನ್. ಈ ಯೂನಿಟ್‌ಗೇ ನಮ್ಮ ಶೇಂಗಾ ಮತ್ತು ಹಲಸು ಬಂದದ್ದು.

ಹುರುಳಿ, ಶೇಂಗಾ ಮತ್ತು ರಕ್ತದ ಗುಂಪು

ರಕ್ತದಾನ ಶಿಬಿರ ಎಂದರೆ ನಮ್ಮ ಯುವಕರು ಮುಂದೆ ಇರುತ್ತಾರೆ. ರಾತ್ರಿ 2 ಗಂಟೆಗೂ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಎ ಪಾಸಿಟಿವ್ ಬೇಕು’ ಎಂದರೆ ಬೈಕ್ ಹತ್ತಿ ಹೋಗುವವರಿದ್ದಾರೆ. ಆದರೆ ‘ಎ’ ಗುಂಪಿನೊಳಗೂ ಎ1, ಎ2 ಎಂಬ ಭೇದ ಇದೆ ಎಂಬುದು ಎಲ್ಲರಿಗೂ ಗೊತ್ತಿಲ್ಲ. ಕೆಲವು ಎ2 ರೋಗಿಗಳ ರಕ್ತದಲ್ಲಿ ಎ1ಕ್ಕೆ ವಿರೋಧವಾದ ಪ್ರತಿಕಾಯ ಇರುತ್ತದೆ. ಹಾಗಾಗಿ ಬ್ಲಡ್ ಬ್ಯಾಂಕಿನವರಿಗೆ ಈ ಭೇದ ತಿಳಿಯಬೇಕಾಗುತ್ತದೆ. ಅದನ್ನು ಪತ್ತೆ ಮಾಡಲು ಬಳಸುವ ದ್ರವ ಎಲ್ಲಿಂದ ಬಂತು ಗೊತ್ತೇ? ಹುರುಳಿ ಕಾಳಿನಿಂದ.

ಕಾಳುಗಳಲ್ಲಿ ಲೆಕ್ಟಿನ್ ಎಂಬ ಪ್ರೊಟೀನ್ ಇರುತ್ತದೆ. ಜೀವಕೋಶದ ಹೊರಮೈಯಲ್ಲಿ ಇರುವ ಸಕ್ಕರೆಯ ಕೊಂಡಿಗಳನ್ನು ಗುರುತು ಹಿಡಿದು ಅಂಟಿಕೊಳ್ಳುವುದು ಅದರ ಗುಣ. ನಮ್ಮ ರಕ್ತದ ಗುಂಪು ಎಂದರೆ ಕೆಂಪು ಕಣದ ಮೇಲಿನ ಇಂಥ ಸಕ್ಕರೆಯ ಗುರುತೇ. ಹುರುಳಿಯ ಲೆಕ್ಟಿನ್ ಎ1 ರಕ್ತಕ್ಕೆ ಸೇರಿಸಿದರೆ ಕಣಗಳು ಗಂಟು ಕಟ್ಟುತ್ತವೆ. ಎ2 ಆದರೆ ಸುಮ್ಮನಿರುತ್ತದೆ. ಇದನ್ನು ಜಿ.ಡಬ್ಲ್ಯು.ಜಿ. ಬರ್ಡ್ ಎಂಬವರು 1951ರಲ್ಲಿ ಬೆಂಗಳೂರಿನಿಂದಲೇ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

ಹುರುಳಿಗೂ ಬಳ್ಳಾರಿಗೂ ಇರುವ ನಂಟು ಇವತ್ತಿನದಲ್ಲ. ಪೇಟೆಯ ಹತ್ತಿರದ ಸಂಗನಕಲ್ಲು ಗುಡ್ಡದಲ್ಲಿ, ಸಿರುಗುಪ್ಪ ತಾಲೂಕಿನ ತೆಕ್ಕಲಕೋಟೆಯಲ್ಲಿ ಸಾವಿರಾರು ವರ್ಷ ಹಿಂದಿನ ನವಶಿಲಾಯುಗದ ರೈತರ ನೆಲೆಗಳಿವೆ. ಅಲ್ಲಿನ ಮಣ್ಣಿನಲ್ಲಿ ಕರಕಲಾಗಿ ಉಳಿದ ಹುರುಳಿ, ಹೆಸರು ಕಾಳುಗಳನ್ನು ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದ ರವಿ ಕೋರಿಶೆಟ್ಟರ್, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಡೋರಿಯನ್ ಫುಲ್ಲರ್ ಮತ್ತು ಸಂಗಡಿಗರು ಜೊತೆಯಾಗಿ ಪರೀಕ್ಷಿಸಿದ್ದಾರೆ. ಎರಡು ದೇಶಗಳ ವಿಶ್ವವಿದ್ಯಾನಿಲಯಗಳು ಕೂಡಿ ಮಾಡಿದ ಸಂಶೋಧನೆ ಬಳ್ಳಾರಿಯ ಮಣ್ಣಿನಲ್ಲೇ ನಡೆದಿದೆ.

ಇನ್ನು ಶೇಂಗಾ. ಮಂಗಳೂರು ಕಡೆ ನಾವು ನೆಲಕಡಲೆ ಎನ್ನುತ್ತೇವೆ, ಬಳ್ಳಾರಿಗೆ ಬಂದ ಮೇಲೆ ನಮ್ಮ ಬಾಯಲ್ಲೂ ಶೇಂಗಾ ಆಗಿದೆ. ಅದೇ ಬರ್ಡ್ 1964ರಲ್ಲಿ ಶೇಂಗಾದ ಲೆಕ್ಟಿನಿಗೆ ಒಂದು ವಿಶೇಷ ಗುಣ ಇದೆ ಎಂದು ತೋರಿಸಿದರು. ಆರೋಗ್ಯವಾದ ಜೀವಕೋಶದಲ್ಲಿ ಮುಚ್ಚಿಕೊಂಡಿರುವ ಒಂದು ಸಕ್ಕರೆ ಗುರುತು ಇದೆ, ‘ಟಿ ಆ್ಯಂಟಿಜೆನ್’ ಎಂದು ಹೆಸರು. ಕೆಲವು ಸೋಂಕುಗಳಲ್ಲಿ, ಹಲವು ಬಗೆಯ ಕ್ಯಾನ್ಸರ್ ಕೋಶಗಳಲ್ಲಿ ಅದು ಹೊರಗೆ ಕಾಣುತ್ತದೆ. ಶೇಂಗಾದ ಲೆಕ್ಟಿನ್ ಅದನ್ನು ಗುರುತು ಹಿಡಿಯುತ್ತದೆ.

ಹೇಗೆ ಗುರುತು ಹಿಡಿಯುತ್ತದೆ? ಇದಕ್ಕೆ ಉತ್ತರ ಹುಡುಕಿದ್ದು ಬೆಂಗಳೂರಿನಲ್ಲಿ ಆಗಲೇ ಹೇಳಿದ ವಿಜಯನ್ ಮತ್ತು ಅವಧೇಶ ಸುರೋಲಿಯಾ. ಸುರೋಲಿಯಾ ಅವರದ್ದು ಲೆಕ್ಟಿನನ್ನು ಶುದ್ಧ ಮಾಡಿ ಅದರ ಗುಣ ಅಳೆಯುವ ಪರಿಣತಿ. ವಿಜಯನ್ ಅವರದ್ದು ಹರಳಿನಿಂದ ಆಕಾರ ಬಿಡಿಸುವ ಪರಿಣತಿ. 1982ರಲ್ಲಿ ದಿನಕರ ಸಾಳುಂಕೆ, ಎಂ.ಐ. ಖಾನ್ ಜೊತೆ ಸೇರಿ ಶೇಂಗಾ ಲೆಕ್ಟಿನಿನ ಹರಳು ಸಿಕ್ಕಿತು ಎಂದು ಪ್ರಕಟಿಸಿದರು. ಪೂರ್ತಿ ಆಕಾರ ಪ್ರಕಟವಾದದ್ದು 1994ರಲ್ಲಿ, ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ. ಅಂದರೆ 12 ವರ್ಷ! ಒಬ್ಬ ವಿದ್ಯಾರ್ಥಿ ಶುರು ಮಾಡಿದ್ದನ್ನು ಇನ್ನೊಬ್ಬ ಮುಂದುವರಿಸಿ, ಮತ್ತೊಬ್ಬ ಮುಗಿಸಿದ ಕೆಲಸ ಅದು.

ಫಲ ಏನು ಸಿಕ್ಕಿತು? ಈ ಲೆಕ್ಟಿನ್ ನಾಲ್ಕು ತುಂಡು ಕೂಡಿ ಆದದ್ದು. ಅಂಥ ನಾಲ್ಕು ತುಂಡುಗಳು ಇಂಥ ಸಮ್ಮಿತಿಯಲ್ಲೇ ಜೋಡಣೆಯಾಗುತ್ತವೆ ಎಂಬ ನಂಬಿಕೆ ಇತ್ತು. ಶೇಂಗಾ ಆ ನಿಯಮ ಪಾಲಿಸಿರಲಿಲ್ಲ. ಪಠ್ಯಪುಸ್ತಕದ ಒಂದು ನಿಯಮಕ್ಕೆ ಶೇಂಗಾ ಬೀಜ ಅಪವಾದವಾಯಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ‘ಶೇಂಗಾ ತಿಂದರೆ ಕ್ಯಾನ್ಸರ್ ವಾಸಿ’ ಎಂದು ನಾಳೆ ವಾಟ್ಸ್‌ಆ್ಯಪಿನಲ್ಲಿ ಫಾರ್ವರ್ಡ್ ಬಂದರೆ ನಂಬಬೇಡಿ. ಲ್ಯಾಬಿನಲ್ಲಿ ಶುದ್ಧ ಮಾಡಿದ ಲೆಕ್ಟಿನ್ ಕೋಶಗಳನ್ನು ಗುರುತಿಸುವ ಸಾಧನ. ಚಹಾದ ಜೊತೆ ತಿನ್ನುವ ಹುರಿದ ಶೇಂಗಾ ಬೇರೆ.

ಊರಿನ ಹಲಸು

ಹಲಸಿನ ವಿಷಯ ನಮಗೆ ಹೇಳಿಕೊಡಬೇಕಾಗಿಲ್ಲ. ಬಕ್ಕೆ ಯಾವುದು, ತುಳುವ ಯಾವುದು, ಮೇಣ ಹಿಡಿಯದ ಹಾಗೆ ಕೈಗೆ ಎಣ್ಣೆ ಎಷ್ಟು ಹಚ್ಚಬೇಕು ಎಂದು ಚಿಕ್ಕ ಮಕ್ಕಳಿಗೂ ಗೊತ್ತು. ಮಳೆಗಾಲಕ್ಕೆಂದು ಬೀಜ ತೆಗೆದಿಡುತ್ತೇವೆ. ಆ ಬೀಜದಲ್ಲಿರುವ ಲೆಕ್ಟಿನಿಗೆ ಜಾಕಲಿನ್ ಎಂದು ಹೆಸರು, ‘ಜಾಕ್‌ಫ್ರುಟ್’ನಿಂದ ಬಂದದ್ದು.

1996ರಲ್ಲಿ ಆರ್. ಶಂಕರನಾರಾಯಣನ್, ವಿಜಯನ್, ಸುರೋಲಿಯಾ ಮತ್ತು ಸಂಗಡಿಗರು ಜಾಕಲಿನ್‌ನ ಆಕಾರ ಪ್ರಕಟಿಸಿದರು. ಅದುವರೆಗೆ ತಿಳಿದಿದ್ದ ಲೆಕ್ಟಿನ್‌ಗಳ ಹಾಗೆ ಅದು ಇರಲಿಲ್ಲ. ಮೂರು ಮುಖದ ಪಟ್ಟಕದ ಹಾಗೆ ಮಡಚಿಕೊಂಡಿತ್ತು, ಸಕ್ಕರೆಯನ್ನು ಹಿಡಿಯುವ ರೀತಿಯೂ ಹೊಸದು. ಈ ಪ್ರೊಟೀನಿನ ಸರ ಬೀಜದಲ್ಲೇ ಒಂದು ಕಡೆ ತುಂಡಾಗುತ್ತದೆ. ಹಾಗೆ ತುಂಡಾದಾಗ ತೆರೆದುಕೊಳ್ಳುವ ತುದಿಯೇ ಸಕ್ಕರೆಯನ್ನು ಹಿಡಿಯುವ ಕೈ. ಮುಂದೆ ಬೇರೆ ಗಿಡಗಳಲ್ಲೂ ಇಂಥದ್ದೇ ಮಡಿಕೆ ಸಿಕ್ಕಿದಾಗ ಅವಕ್ಕೆಲ್ಲ ‘ಜಾಕಲಿನ್ ಕುಟುಂಬ’ ಎಂದೇ ಹೆಸರಾಯಿತು. ನಮ್ಮ ಹಿತ್ತಲಿನ ಮರ ಒಂದು ಇಡೀ ಕುಟುಂಬಕ್ಕೆ ಹೆಸರು ಕೊಟ್ಟಿತು.

ಉಪಯೋಗ ಇದೆಯೇ? ಇದೆ. ನಮ್ಮ ಜೊಲ್ಲು, ಕರುಳು, ತಾಯಿಯ ಹಾಲಿನಲ್ಲಿ ಸೋಂಕು ತಡೆಯುವ ಐಜಿಎ ಎಂಬ ಪ್ರತಿಕಾಯ ಇದೆ. ಅದನ್ನು ಬೇರೆ ಪದಾರ್ಥಗಳಿಂದ ಬೇರ್ಪಡಿಸಿ ಶುದ್ಧ ಮಾಡಲು ಲ್ಯಾಬುಗಳಲ್ಲಿ ಜಾಕಲಿನ್ ಬಳಸುತ್ತಾರೆ.

ಮಲೇರಿಯಾದ ಪಾಠ

ಎಲ್ಲ ಸಂಶೋಧನೆಯೂ ಮದ್ದಾಗಿ ಅಂಗಡಿಗೆ ಬರುವುದಿಲ್ಲ. ಅದನ್ನೂ ಹೇಳಬೇಕು. ಮಂಗಳೂರಿನ ಮಲೇರಿಯಾ ಕಂಡ ನಮ್ಮ ಮನೆಗಳಿಗೆ ಈ ಕಥೆ ಹತ್ತಿರದ್ದು. 2001ರಲ್ಲಿ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವಿಜ್ಞಾನ ಸಂಶೋಧನಾ ಕೇಂದ್ರದ ನಮಿತಾ ಸುರೋಲಿಯಾ ಮತ್ತು ವಿಜ್ಞಾನ ಸಂಸ್ಥೆಯ ಅವಧೇಶ ಸುರೋಲಿಯಾ ಜೊತೆಯಾಗಿ ಒಂದು ವಿಷಯ ಪ್ರಕಟಿಸಿದರು. ಸೋಪು, ಟೂತ್‌ಪೇಸ್ಟಿಗೆ ಹಾಕುತ್ತಿದ್ದ ಟ್ರೈಕ್ಲೋಸಾನ್ ಎಂಬ ರಾಸಾಯನಿಕ ಮಲೇರಿಯಾ ರೋಗಾಣುವಿನ ಒಂದು ಪ್ರೊಟೀನನ್ನು ತಡೆದು ಅದರ ಬೆಳವಣಿಗೆ ನಿಲ್ಲಿಸುತ್ತದೆ ಎಂದು. ದೊಡ್ಡ ಸುದ್ದಿಯಾಯಿತು.

2008ರ ಹೊತ್ತಿಗೆ ಬೇರೆ ದೇಶದ ತಂಡಗಳು ಆ ಪ್ರೊಟೀನಿನ ಜೀನನ್ನೇ ತೆಗೆದು ನೋಡಿದವು. ರಕ್ತದಲ್ಲಿರುವಾಗ ರೋಗಾಣುವಿಗೆ ಆ ಪ್ರೊಟೀನ್ ಇಲ್ಲದೆಯೂ ನಡೆಯುತ್ತದೆ, ಯಕೃತ್ತಿನಲ್ಲಿ ಬೆಳೆಯುವ ಹಂತದಲ್ಲಿ ಮಾತ್ರ ಅದು ಬೇಕೇ ಬೇಕು ಎಂದು ಗೊತ್ತಾಯಿತು. ಜ್ವರ ಬಂದವರಿಗೆ ಕೊಡುವ ಮಾತ್ರೆಯ ಆಸೆ ಹಿಂದೆ ಸರಿಯಿತು. ಆದರೆ ರೋಗಾಣು ಯಾವ ಹಂತದಲ್ಲಿ ಯಾವುದನ್ನು ನಂಬಿ ಬದುಕುತ್ತದೆ ಎಂಬ ತಿಳಿವಳಿಕೆ ಉಳಿಯಿತು. ಮದ್ದು ಹುಡುಕುವವರಿಗೆ ಅದೂ ಬೇಕು. ಮಕ್ಕಳನ್ನು ಈ ದಾರಿಗೆ ಕಳಿಸುವ ಉಮ್ಮ-ಉಪ್ಪ ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಇಲ್ಲಿ ಅಂಗಡಿಯ ಹಾಗೆ ಸಂಜೆಗೆ ಲೆಕ್ಕ ಸಿಗುವುದಿಲ್ಲ.

ಸಿರುಗುಪ್ಪದ ಗದ್ದೆ

ಸಿರುಗುಪ್ಪ ಎಂದರೆ ಭತ್ತ. ತುಂಗಭದ್ರೆಯ ನೀರು ಬಂದ ಮೇಲೆ ನೆಲ ಹಸಿರಾಯಿತು, ಜೊತೆಗೆ ನೀರು ನಿಂತ ಕಡೆಗಳಲ್ಲಿ ಉಪ್ಪು ಮೇಲೆದ್ದು ಸವಳು-ಜವಳಿನ ತೊಂದರೆಯೂ ಬಂತು. ರೈತರ ಜೊತೆ ವ್ಯಾಪಾರ ಮಾಡುವ ನಮ್ಮವರಿಗೂ ಇದು ಗೊತ್ತಿರುವ ಮಾತೇ. ಉಪ್ಪಿನ ಅಂಶ ಹೆಚ್ಚಾದರೆ ಭತ್ತದ ಎಲೆಗೆ ಸೋಡಿಯಂ ಏರುತ್ತದೆ, ತುದಿ ಒಣಗುತ್ತದೆ, ಇಳುವರಿ ಬೀಳುತ್ತದೆ.

ಕೆಲವು ತಳಿಗಳು ಮಾತ್ರ ತಡೆದುಕೊಳ್ಳುತ್ತವೆ. ಬಂಗಾಳದ ಕಡಲ ಬದಿಯ ನೋನಾ ಬೋಕ್ರಾ ಅಂಥದ್ದು, ಕೇರಳದ ಪೊಕ್ಕಾಳಿ ಅಂಥದ್ದು. ಯಾಕೆ? 2005ರಲ್ಲಿ ಚೀನಾದ ಶಾಂಘೈ ಮತ್ತು ಅಮೆರಿಕದ ಬರ್ಕ್ಲಿಯ ವಿಜ್ಞಾನಿಗಳು ಜೊತೆಯಾಗಿ ನಮ್ಮ ದೇಶದ ಅದೇ ನೋನಾ ಬೋಕ್ರಾವನ್ನು ಜಪಾನಿನ ತಳಿಯೊಂದಿಗೆ ಅಡ್ಡತಳಿ ಮಾಡಿ ಉತ್ತರ ಹುಡುಕಿದರು. ಗಿಡದ ನೀರಿನ ಕೊಳವೆಯ ಪಕ್ಕದ ಕೋಶಗಳ ಪೊರೆಯಲ್ಲಿ ಒಂದು ಪ್ರೊಟೀನ್ ಕುಳಿತಿದೆ. ಗೇಟ್ ಕಾಯುವವನ ಹಾಗೆ ಅದು ಮೇಲೆ ಹೋಗುತ್ತಿರುವ ನೀರಿನಿಂದ ಸೋಡಿಯಂ ಅನ್ನು ಹಿಡಿದು ಹೊರಗೆಳೆಯುತ್ತದೆ. ಎಲೆಗೆ ಉಪ್ಪು ಕಡಿಮೆ ತಲುಪುತ್ತದೆ. ತಳಿ ತಳಿಗೆ ಈ ಪ್ರೊಟೀನಿನಲ್ಲಿ ನಾಲ್ಕೇ ನಾಲ್ಕು ಮಣಿ ಬದಲಾದರೂ ಕೆಲಸದಲ್ಲಿ ವ್ಯತ್ಯಾಸ ಬರುತ್ತದೆ.

ಗದ್ದೆಯ ಸಮಸ್ಯೆಯೂ ಕೊನೆಗೆ ಒಂದು ಅಣುವಿನ ಆಕಾರಕ್ಕೆ ಬಂದು ನಿಲ್ಲುತ್ತದೆ. ಸಿರುಗುಪ್ಪದಲ್ಲಿಯೇ ರಾಯಚೂರು ಕೃಷಿ ವಿಶ್ವವಿದ್ಯಾನಿಲಯದ ಕೃಷಿ ಸಂಶೋಧನಾ ಕೇಂದ್ರ ಇದೆ. ಸಿರುಗುಪ್ಪದ ಹುಡುಗನೋ ಹುಡುಗಿಯೋ ಜೀವರಸಾಯನಶಾಸ್ತ್ರ ಓದಿ ಇಂಥ ಪ್ರಶ್ನೆ ಎತ್ತಿಕೊಂಡರೆ, ಸಮಸ್ಯೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ.

ಒಬ್ಬರಿಂದ ಆಗುವ ಕೆಲಸ ಅಲ್ಲ

ಮೇಲಿನ ಎಲ್ಲ ಕಥೆಗಳಲ್ಲೂ ಒಂದು ಸಾಮಾನ್ಯ ಅಂಶ ನೋಡಿ. ಭೌತಶಾಸ್ತ್ರದವರೂ ತೊಗಲಿನವರೂ ಕೂಡಿದರು. ಶುದ್ಧ ಮಾಡುವವರೂ ಹರಳು ಕಟ್ಟುವವರೂ ಕೂಡಿದರು. ಬೆಂಗಳೂರಿನ ಭೌತವಿಜ್ಞಾನಿ ಎಂ.ಎ. ವಿಶ್ವಮಿತ್ರ ಅವರು ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಓಲ್ಗಾ ಕೆನಾರ್ಡ್ ಜೊತೆ ಕೆಲಸ ಮಾಡಿ, ಡಿಎನ್‌ಎಯ ಒಂದು ಪುಟ್ಟ ತುಣುಕಿನ ಪರಮಾಣು ಮಟ್ಟದ ಚಿತ್ರವನ್ನು 1978ರಲ್ಲಿ ‘ನೇಚರ್’ನಲ್ಲಿ ಪ್ರಕಟಿಸಿದರು. 2000ದಲ್ಲಿ ವಿಜಯನ್ ಮತ್ತು ಜೀವರಸಾಯನಶಾಸ್ತ್ರದ ಕೆ. ಮುನಿಯಪ್ಪ ಅವರ ತಂಡಗಳು ಸೇರಿ ಕ್ಷಯದ ರೋಗಾಣು ತನ್ನ ಹಾಳಾದ ಡಿಎನ್‌ಎ ರಿಪೇರಿ ಮಾಡಲು ಬಳಸುವ ಪ್ರೊಟೀನಿನ ಆಕಾರ ಬಿಡಿಸಿದವು.

ಇದರಿಂದ ವಿದ್ಯಾರ್ಥಿಗೆ ಏನು ಲಾಭ? ಒಂದೇ ವಿಷಯದವರಿಗೆ ಮಾತ್ರ ಇಲ್ಲಿ ಜಾಗ ಎಂದಿಲ್ಲ. ಗಣಿತ ಇಷ್ಟ ಇದ್ದವರಿಗೆ ಲೆಕ್ಕದ ಕೆಲಸ ಉಂಟು. ಕಂಪ್ಯೂಟರ್ ಬಲ್ಲವರಿಗೆ ಅಣುವಿನ ಚಲನೆಯನ್ನು ಲೆಕ್ಕ ಹಾಕುವ ಕೆಲಸ ಉಂಟು. ರಸಾಯನಶಾಸ್ತ್ರದವರಿಗೆ, ಜೀವಶಾಸ್ತ್ರದವರಿಗೆ, ಭೌತಶಾಸ್ತ್ರದವರಿಗೆ ಬೇರೆ ಬೇರೆ ಬಾಗಿಲು. ನೀಟ್‌ನಲ್ಲಿ ಅಂಕ ಕಡಿಮೆ ಬಂದ ಮಾತ್ರಕ್ಕೆ ಈ ಬಾಗಿಲುಗಳು ಮುಚ್ಚುವುದಿಲ್ಲ.

ಬಳ್ಳಾರಿಯಿಂದ ದಾರಿ ಹೇಗೆ?

ಬಳ್ಳಾರಿಯಲ್ಲಿ ಬಿಎಸ್ಸಿ ಕಲಿಸುವ ಸರಕಾರಿ, ಖಾಸಗಿ ಕಾಲೇಜುಗಳಿವೆ. 2010ರಲ್ಲಿ ಶುರುವಾದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾನಿಲಯ ಊರಲ್ಲೇ ಇದೆ. ಕುರುಗೋಡು, ಸಿರುಗುಪ್ಪದ ಮಕ್ಕಳು ಬಸ್ಸಿನಲ್ಲಿ ಬಂದು ಓದಿ ಮನೆಗೆ ಮರಳಬಹುದು. ಇಲ್ಲಿಂದ ಮುಂದಿನ ಮೆಟ್ಟಿಲುಗಳನ್ನು ತಿಳಿದಿರಬೇಕು.

ಮೊದಲನೆಯದು, ಪಿಯುಸಿ ಬೋರ್ಡ್ ಪರೀಕ್ಷೆಯಲ್ಲಿ ಮೇಲಿನ ಶೇ 1ರೊಳಗೆ ಬಂದು ಬಿಎಸ್ಸಿಯಂಥ ಮೂಲ ವಿಜ್ಞಾನ ಕೋರ್ಸ್ ಸೇರುವವರಿಗೆ ಕೇಂದ್ರ ಸರಕಾರದ ‘ಇನ್‌ಸ್ಪೈರ್’ ವಿದ್ಯಾರ್ಥಿವೇತನ ಇದೆ, ವರ್ಷಕ್ಕೆ 80 ಸಾವಿರ ರೂಪಾಯಿ. ಪಿಯುಸಿಯ ಬಳಿಕ ನೇರವಾಗಿ ತಿರುಪತಿ, ಪುಣೆಯಂಥ ಕಡೆಗಳಲ್ಲಿರುವ ಐಸರ್ ಸಂಸ್ಥೆಗಳಿಗೆ ಸೇರಲು ಅವರದ್ದೇ ಪ್ರವೇಶ ಪರೀಕ್ಷೆ ಇದೆ.

ಎರಡನೆಯದು, ಡಿಗ್ರಿ ಓದುವಾಗಲೇ ಬೇಸಿಗೆ ರಜೆಯಲ್ಲಿ ಎರಡು ತಿಂಗಳು ದೊಡ್ಡ ಲ್ಯಾಬಿನಲ್ಲಿ ಕೆಲಸ ಮಾಡುವ ಅವಕಾಶ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಜೊತೆಯಾಗಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್ ಅದು. ವಿದ್ಯಾರ್ಥಿಗಳಿಗೂ ಉಂಟು, ಕಾಲೇಜು ಅಧ್ಯಾಪಕರಿಗೂ ಉಂಟು. ಸಣ್ಣ ಊರಿನ ಕಾಲೇಜಿನಲ್ಲಿ ಒಳ್ಳೆ ಲ್ಯಾಬ್ ಇಲ್ಲ ಎಂಬ ಕೊರತೆಯನ್ನು ತುಂಬಿಕೊಳ್ಳಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಪ್ರತಿವರ್ಷ ಅರ್ಜಿ ಕರೆಯುತ್ತಾರೆ. ಮಕ್ಕಳಿಗೆ ಗೊತ್ತಾಗದೆಯೇ ಕೊನೆಯ ದಿನ ದಾಟಿ ಹೋಗುತ್ತದೆ, ಅಷ್ಟೇ.

ಮೂರನೆಯದು, ಬಿಎಸ್ಸಿ ಮುಗಿಸಿದವರಿಗೆ ‘ಜ್ಯಾಮ್’ ಪರೀಕ್ಷೆ. ಐಐಟಿಗಳಲ್ಲಿ ಎಂಎಸ್ಸಿಗೂ, ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಎಂಎಸ್ಸಿ-ಪಿಎಚ್‌ಡಿ ಸೇರಿದ ಇಂಟಿಗ್ರೇಟೆಡ್ ಕೋರ್ಸಿಗೂ ಅದು ದಾರಿ. ಎಂಎಸ್ಸಿ ಊರಲ್ಲೇ ಮಾಡಿದವರಿಗೆ ಸಿಎಸ್‌ಐಆರ್-ಯುಜಿಸಿ ನೆಟ್ ಮತ್ತು ಗೇಟ್ ಪರೀಕ್ಷೆ ಇದೆ.

ಈಗ ಹಣದ ಮಾತು. ‘ಇನ್ನೂ ಎಷ್ಟು ವರ್ಷ ನಾವು ಸಾಕುವುದು?’ ಎಂದು ಕೇಳುವ ಉಪ್ಪನ ಪ್ರಶ್ನೆ ತಪ್ಪಲ್ಲ. ಪಿಎಚ್‌ಡಿಗೆ ಮನೆಯಿಂದ ಹಣ ಹಾಕುವ ಬದಲು ಅಲ್ಲಿಂದಲೇ ಹಣ ಬರುತ್ತದೆ ಎಂಬುದು ಹಲವರಿಗೆ ಗೊತ್ತಿಲ್ಲ. ನೆಟ್‌ನಲ್ಲಿ ಜೆಆರ್‌ಎಫ್ ಸಿಕ್ಕಿದವರಿಗೆ 2023ರ ಜನವರಿಯಿಂದ ತಿಂಗಳಿಗೆ 37 ಸಾವಿರ ರೂಪಾಯಿ. ಎರಡು ವರ್ಷ ಕಳೆದು ಎಸ್‌ಆರ್‌ಎಫ್ ಆದರೆ 42 ಸಾವಿರ. ಮನೆ ಬಾಡಿಗೆ ಭತ್ಯೆ ಬೇರೆ. ಅಲ್ಪಸಂಖ್ಯಾತ ಸಂಶೋಧಕರಿಗೆಂದೇ ಇದ್ದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ಪನ್ನು ಕೇಂದ್ರ ಸರಕಾರ 2022-23ರಿಂದ ನಿಲ್ಲಿಸಿದೆ. ಆದ್ದರಿಂದ ನಮ್ಮ ಮಕ್ಕಳು ಜೆಆರ್‌ಎಫ್‌ಗೆ ತಯಾರಾಗುವುದು ಮೊದಲಿಗಿಂತ ಹೆಚ್ಚು ಅಗತ್ಯ. ರಾಜ್ಯದ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಸಂಶೋಧನಾ ನೆರವಿನ ಪ್ರಕಟಣೆಗಳನ್ನೂ ಆಯಾ ವರ್ಷ ಜಿಲ್ಲಾ ಕಚೇರಿಯಲ್ಲಿ ಕೇಳಿ ನೋಡಬೇಕು.

ಕಷ್ಟಗಳೂ ಇವೆ. ಪಿಎಚ್‌ಡಿಗೆ ಐದಾರು ವರ್ಷ ಬೇಕು. ಫೆಲೋಶಿಪ್ ಹಣ ತಿಂಗಳುಗಟ್ಟಲೆ ತಡವಾಗಿ ಬಂದದ್ದೂ ಇದೆ. ಕನ್ನಡ ಮಾಧ್ಯಮದಿಂದ ಹೋದವರಿಗೆ ಮೊದಲ ವರ್ಷ ಇಂಗ್ಲಿಷ್ ಕಷ್ಟವಾಗುತ್ತದೆ. ಮುಗಿದ ಕೂಡಲೇ ಪ್ರೊಫೆಸರ್ ಹುದ್ದೆ ಕಾದು ಕುಳಿತಿರುವುದಿಲ್ಲ. ಔಷಧ ಕಂಪೆನಿ, ಡಯಾಗ್ನಾಸ್ಟಿಕ್ ಕಂಪೆನಿ, ಬಯೋಟೆಕ್ ಕಂಪೆನಿಗಳ ಕಡೆಯೂ ನೋಡಬೇಕಾಗುತ್ತದೆ. ಇಷ್ಟವಿಲ್ಲದ ಮಗುವನ್ನು ದೂಡಿ ಕಳಿಸುವ ದಾರಿ ಇದಲ್ಲ. ಇಷ್ಟ ಇರುವ ಮಗುವನ್ನು ತಡೆಯಬಾರದು ಎಂಬುದಷ್ಟೇ ಮಾತು.

ಹೆಣ್ಣುಮಕ್ಕಳ ಪಾಲು

ನಮ್ಮ ಹೆಣ್ಣುಮಕ್ಕಳು ಎಸ್ಸೆಸ್ಸೆಲ್ಸಿ, ಪಿಯುಸಿಯಲ್ಲಿ ಚೆನ್ನಾಗಿ ಓದುತ್ತಿದ್ದಾರೆ. ಬಿಎಸ್ಸಿ ತರಗತಿಗೂ ಬರುತ್ತಾರೆ. ಆದರೆ ಕೊನೆಯ ವರ್ಷ ಮದುವೆ ನಿಶ್ಚಯವಾದರೆ ಎಂಎಸ್ಸಿ ಅಲ್ಲಿಗೇ ನಿಂತಿತು. ಈ ಶಾಸ್ತ್ರದಲ್ಲಿ ಮಹಿಳೆಯರ ಹೆಸರು ಹುಡುಕಬೇಕಾಗಿಲ್ಲ. ಇನ್ಸುಲಿನ್ ಬಿಡಿಸಿದವರು ಮಹಿಳೆ. ಶೇಂಗಾ ಲೆಕ್ಟಿನ್ ತಂಡದಲ್ಲಿ ಕೆ. ಸುಗುಣಾ ಇದ್ದರು, ಮುಂದೆ ಅದೇ ಯೂನಿಟ್‌ನಲ್ಲಿ ಪ್ರಾಧ್ಯಾಪಕರಾದರು. ರಾಮಚಂದ್ರನ್ ಅವರ ಬಳಿ ಕೊಲ್ಲಾಜೆನ್ ಮೇಲೆ ಸಂಶೋಧನೆ ಮಾಡಿದ ಮಂಜು ಬನ್ಸಲ್, ಬೆಂಗಳೂರಿನ ಬಯೋಇನ್‌ಫರ್ಮ್ಯಾಟಿಕ್ಸ್ ಸಂಸ್ಥೆಯ ಸ್ಥಾಪಕ ನಿರ್ದೇಶಕರಾದರು. ಮಲೇರಿಯಾ ಸಂಶೋಧನೆಯಲ್ಲಿ ನಮಿತಾ ಸುರೋಲಿಯಾ.

‘ದೂರದ ಊರು, ಹಾಸ್ಟೆಲ್ ಹೇಗಿದೆಯೋ’ ಎಂಬ ಉಮ್ಮನ ಭಯಕ್ಕೆ ಒಂದು ಮದ್ದು ಇದೆ: ಹೋಗಿ ನೋಡುವುದು. ಟಾಟಾ ಇನ್‌ಸ್ಟಿಟ್ಯೂಟ್ ವರ್ಷಕ್ಕೊಮ್ಮೆ ‘ಓಪನ್ ಡೇ’ ಮಾಡಿ ಸಾರ್ವಜನಿಕರಿಗೆ ಲ್ಯಾಬುಗಳ ಬಾಗಿಲು ತೆರೆಯುತ್ತದೆ. ಹೇಗೂ ಬೆಂಗಳೂರಿಗೆ ಹೋಗುತ್ತೇವೆ, ಸಂಬಂಧಿಕರ ಮನೆ ಇರುತ್ತದೆ. ಆ ದಿನ ಮಕ್ಕಳನ್ನು ಕರೆದುಕೊಂಡು ಹೋಗಬಹುದು. ಬಳ್ಳಾರಿಯಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲೇ ಚಳ್ಳಕೆರೆಯ ಬಳಿ ಇದೇ ಸಂಸ್ಥೆಯ ಇನ್ನೊಂದು ಕ್ಯಾಂಪಸ್ ಇದೆ. ಅಲ್ಲಿ ವಿಜ್ಞಾನ ಅಧ್ಯಾಪಕರಿಗೆ ತರಬೇತಿ ಕೊಡುತ್ತಾರೆ. ನಮ್ಮ ಶಾಲೆ-ಕಾಲೇಜುಗಳ ಆಡಳಿತ ಮಂಡಳಿಯವರು ತಮ್ಮ ಅಧ್ಯಾಪಕರನ್ನು ಅಲ್ಲಿಗೆ ಕಳಿಸುವ ಬಗ್ಗೆ ಯೋಚಿಸಬಹುದು.

ಜಮಾಅತ್, ಸಂಘಟನೆಗಳು ಪ್ರತಿವರ್ಷ ಸನ್ಮಾನ ಮಾಡುವಾಗ ಮೆಡಿಕಲ್ ಸೀಟು ಸಿಕ್ಕಿದವರ ಜೊತೆ, ಬಿಎಸ್ಸಿಯಲ್ಲಿ ಮೊದಲ ದರ್ಜೆ ಪಡೆದ ಹುಡುಗಿಯನ್ನೂ ವೇದಿಕೆಗೆ ಕರೆಯಬೇಕು. ಜ್ಯಾಮ್, ನೆಟ್ ಪರೀಕ್ಷೆಯ ಶುಲ್ಕ, ಪುಸ್ತಕ, ಬೆಂಗಳೂರಿನ ಎರಡು ತಿಂಗಳ ಖರ್ಚು – ಇವೆಲ್ಲ ಸೇರಿದರೂ ಮ್ಯಾನೇಜ್‌ಮೆಂಟ್ ಸೀಟಿನ ಮೊತ್ತದ ಹತ್ತಿರಕ್ಕೂ ಬರುವುದಿಲ್ಲ. ಝಕಾತ್, ವಿದ್ಯಾರ್ಥಿವೇತನದ ಹಣ ಹಂಚುವವರು ಈ ಲೆಕ್ಕವನ್ನೊಮ್ಮೆ ನೋಡಲಿ.

ಈ ವರ್ಷವೂ ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಯಾವುದೋ ಮನೆಯಲ್ಲಿ ನೀಟ್ ಅಂಕ ನೋಡಿ ಮುಖ ಬಾಡಿಸಿಕೊಂಡ ಮಗು ಇರಬಹುದು. ಅಂಗಡಿಗೆ ಕರೆಯುವ ಮೊದಲು, ಸಂಬಂಧ ಹುಡುಕುವ ಮೊದಲು, ‘ನಿನಗೆ ಯಾವ ವಿಷಯ ಇಷ್ಟ?’ ಎಂದು ಒಂದು ಮಾತು ಕೇಳಿ. ‘ಬಯಾಲಜಿ’, ‘ಕೆಮಿಸ್ಟ್ರಿ’ ಎಂಬ ಉತ್ತರ ಬಂದರೆ ಹತ್ತಿರದ ಡಿಗ್ರಿ ಕಾಲೇಜಿನ ವಿಜ್ಞಾನ ಅಧ್ಯಾಪಕರ ಬಳಿ ಮಗುವಿನ ಜೊತೆ ನೀವೂ ಹೋಗಿ. ಬೇಸಿಗೆ ಫೆಲೋಶಿಪ್ ಅರ್ಜಿ ಯಾವಾಗ, ಜ್ಯಾಮ್ ಯಾವಾಗ ಎಂದು ಕೇಳಿ ಬರೆದಿಟ್ಟುಕೊಳ್ಳಿ.